ಆರಾಧನಾಲಯಕ್ಕೆ ಆಧುನಿಕ ಕಲಾಕೃತಿ: ನೋಡುವ, ಆರಿಸುವ, ಇರಿಸುವ ಕ್ರಮ

ಆಧುನಿಕ ಕ್ರೈಸ್ತ ಕಲೆಯ ಮಾತು ಬಂದಾಗ ವಾದ ಬೇಗನೆ ಸವೆದ ದಾರಿಯನ್ನು ಹಿಡಿಯುತ್ತದೆ. ‘ಇದರಲ್ಲಿ ಯೇಸುಸ್ವಾಮಿ ಎಲ್ಲಿದ್ದಾರೆ?’ ಎಂದು ಒಬ್ಬರು ಕೇಳುತ್ತಾರೆ; ‘ಇದನ್ನು ನೋಡಲು ಅಭ್ಯಾಸ ಬೇಕು’ ಎಂದು ಇನ್ನೊಬ್ಬರು ಉತ್ತರಿಸುತ್ತಾರೆ; ಅಲ್ಲಿಗೆ ಮಾತು ನಿಂತು ಅಸಮಾಧಾನ ಉಳಿಯುತ್ತದೆ. ಇಬ್ಬರೂ ಶೈಲಿಯನ್ನು ಕುರಿತು ಮಾತನಾಡಿರುತ್ತಾರೆಯೇ ಹೊರತು ಆರಾಧನೆಯನ್ನು ಕುರಿತಲ್ಲ. ಚಿತ್ರವಾಗಲಿ, ಶಿಲ್ಪವಾಗಲಿ, ಬಣ್ಣದ ಗಾಜಿನ ಕಿಟಕಿಯಾಗಲಿ ಚರ್ಚಿನೊಳಗೆ ಬಂದ ಮೇಲೆ ಅದರ ಮುಂದೆ ಜನ ಮೊಣಕಾಲೂರುತ್ತಾರೆ, ಹಾಡುತ್ತಾರೆ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸುತ್ತಾರೆ, ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತಾರೆ. ಆ ಹೊತ್ತಿನಲ್ಲಿ ಕೃತಿ ಏನು ಮಾಡುತ್ತದೆ ಎಂಬುದರಿಂದಲೇ ಅದನ್ನು ಅಳೆಯಬೇಕು. ಧರ್ಮಗುರುಗಳಿಗೆ, ಸಭೆಯ ಸಮಿತಿಯಲ್ಲಿರುವವರಿಗೆ ಮತ್ತು ಮನೆಯಲ್ಲಿ ಚಿತ್ರವೊಂದರ ಎದುರು ಪ್ರಾರ್ಥಿಸಬಯಸುವ ವಿಶ್ವಾಸಿಗಳಿಗೆ ಈ ಬರಹ ಆ ಅಳತೆಯನ್ನು ಬಳಸುವ ಕ್ರಮವನ್ನು ತಿಳಿಸುತ್ತದೆ.

ನಿಮ್ಮ ಪರಂಪರೆಯ ನಿಲುವನ್ನು ಮೊದಲು ಅರಿಯಿರಿ

ಯಾವುದೇ ಕೃತಿಯನ್ನು ನೋಡುವ ಮೊದಲು, ಚಿತ್ರದ ಬಗ್ಗೆ ನಿಮ್ಮ ಸಭೆ ಏನನ್ನು ನಂಬುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಅರ್ಧಕ್ಕರ್ಧ ಜಗಳಗಳು ಹೊಸ ಶೈಲಿಯಿಂದಲ್ಲ, ಈ ಹಳೆಯ ಪ್ರಶ್ನೆಯಿಂದಲೇ ಹುಟ್ಟುತ್ತವೆ. ಕ್ರಿ.ಶ. 787ರ ಎರಡನೆಯ ನೈಸಿಯ ಮಹಾಸಭೆಯು ಆರಾಧನೆ ದೇವರೊಬ್ಬರಿಗೇ ಸಲ್ಲಬೇಕು, ಪವಿತ್ರ ಚಿತ್ರಗಳಿಗೆ ಗೌರವ ಸಲ್ಲಬಹುದು, ಆ ಗೌರವ ಚಿತ್ರದಲ್ಲಿರುವವರನ್ನು ಹೋಗಿ ಮುಟ್ಟುತ್ತದೆ ಎಂದು ತೀರ್ಮಾನಿಸಿತು. ಆರ್ಥಡಾಕ್ಸ್ ಮತ್ತು ಕಥೋಲಿಕ ಸಭೆಗಳು ಇಂದಿಗೂ ಇದೇ ತಳಹದಿಯ ಮೇಲೆ ನಿಂತಿವೆ. ಆದರೆ ಆರ್ಥಡಾಕ್ಸ್ ಸಭೆಯ ಪವಿತ್ರ ಚಿತ್ರಪಟವು ಪರಂಪರೆಯ ನಿಯಮಗಳಿಗೆ ಬದ್ಧವಾದುದರಿಂದ ಕಲಾವಿದನ ಸ್ವಂತ ಕಲ್ಪನೆಗೆ ಅಲ್ಲಿ ಇರುವ ಅವಕಾಶ ಬಹಳ ಕಡಿಮೆ. ಆ ಪರಂಪರೆಗೆ ಸೇರಿದವರು ಮುಂದಿನ ಸಲಹೆಗಳನ್ನು ಅದಕ್ಕೆ ತಕ್ಕಂತೆ ಓದಿಕೊಳ್ಳಬೇಕು. ಪ್ರೊಟೆಸ್ಟೆಂಟರಲ್ಲಿ ಒಂದೇ ನಿಲುವು ಎಂಬುದಿಲ್ಲ. ಹದಿನಾರನೆಯ ಶತಮಾನದ ಸುಧಾರಕರಲ್ಲಿ ಲೂಥರ್ ಚಿತ್ರಗಳನ್ನು ಬೋಧನೆಗೆ ನೆರವೆಂದು ಉಳಿಸಿಕೊಂಡರೆ, ಜ್ವಿಂಗ್ಲಿ ಮತ್ತು ಕ್ಯಾಲ್ವಿನ್ ಅವುಗಳನ್ನು ಆರಾಧನೆಯ ಜಾಗದಿಂದ ಹೊರಗಿಟ್ಟರು.

ಈ ನಿಲುವುಗಳು ಕಲ್ಲಿನಲ್ಲಿ ಕೆತ್ತಿದಂಥವಲ್ಲ ಎನ್ನಲು ಜ್ವಿಂಗ್ಲಿ ಬೋಧಿಸಿದ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರವೇ ಸಾಕ್ಷಿ. 1524ರಲ್ಲಿ ಅಲ್ಲಿನ ಚರ್ಚುಗಳಿಂದ ಚಿತ್ರ ಮತ್ತು ಪ್ರತಿಮೆಗಳನ್ನು ತೆರವು ಮಾಡಲಾಯಿತು. ಅದೇ ನಗರದ ಫ್ರೌಮ್ಯುನ್‌ಸ್ಟರ್ ಚರ್ಚಿನ ಗಾಯಕರ ಅಂಕಣದಲ್ಲಿ 1970ರಿಂದ ಚಿತ್ರಕಾರ ಮಾರ್ಕ್ ಶಗಾಲ್ ಅವರ ಐದು ಎತ್ತರದ ಗಾಜಿನ ಕಿಟಕಿಗಳು ಬೆಳಗುತ್ತಿವೆ. ಅಲ್ಲಿ ಈಗಲೂ ಆರಾಧಿಸುವುದು ಜ್ವಿಂಗ್ಲಿಯ ಪರಂಪರೆಯ ಸುಧಾರಿತ ಸಭೆಯೇ. ಕಥೋಲಿಕರಿಗಾದರೆ ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾವಿಧಿಯ ದಸ್ತಾವೇಜು ಕೈಯಲ್ಲಿರಲೇಬೇಕು. ಸಭೆ ಯಾವುದೇ ಒಂದು ಶೈಲಿಯನ್ನು ತನ್ನದೆಂದು ಹಿಡಿದುಕೊಂಡಿಲ್ಲ, ನಮ್ಮ ಕಾಲದ ಕಲೆಗೂ ಎಲ್ಲ ಜನಾಂಗಗಳ ಕಲೆಗೂ ಅಲ್ಲಿ ಸ್ಥಳವಿದೆ ಎಂದು ಅದು ಹೇಳುತ್ತದೆ. ಆಡಂಬರಕ್ಕಿಂತ ಘನವಾದ ಸೌಂದರ್ಯವನ್ನು ಬಯಸುತ್ತದೆ. ಪ್ರತಿಮೆಗಳ ಸಂಖ್ಯೆ ಮಿತವಾಗಿರಲಿ ಎನ್ನುತ್ತದೆ. ಕಡೆಯ ಮಾತನ್ನು ಹೊಸ ಕೃತಿಗಾಗಿ ಉತ್ಸಾಹ ತೋರುವವರೇ ಹೆಚ್ಚಾಗಿ ಮರೆಯುತ್ತಾರೆ.

ಕೃತಿ ಎಲ್ಲಿಗೆ, ಯಾವ ಕೆಲಸಕ್ಕೆ ಎಂದು ವಿಂಗಡಿಸಿ

ಕ್ರಿಸ್ತರನ್ನು ಕುರಿತ ಒಳ್ಳೆಯ ಚಿತ್ರಗಳೆಲ್ಲ ಬಲಿಪೀಠದ ಬಳಿ ಇರತಕ್ಕವು ಎಂದೇನಿಲ್ಲ. ಶಗಾಲ್ 1938ರಲ್ಲಿ ಬರೆದ ‘ಬಿಳಿ ಶಿಲುಬೆ’ಯ ಚಿತ್ರದಲ್ಲಿ ಶಿಲುಬೆಯ ಮೇಲಿರುವ ಯೇಸುವಿನ ಸೊಂಟಕ್ಕೆ ಯೆಹೂದ್ಯರ ಪ್ರಾರ್ಥನೆಯ ಶಾಲು ಸುತ್ತಿದೆ, ಸುತ್ತಲೂ ಉರಿಯುವ ಸಿನಗಾಗ್ (ಯೆಹೂದ್ಯರ ಪ್ರಾರ್ಥನಾಮಂದಿರ), ಓಡಿಹೋಗುತ್ತಿರುವ ಜನ. ಅದು ತನ್ನ ಕಾಲದಲ್ಲಿ ಯೆಹೂದ್ಯರ ಮೇಲೆ ನಡೆದ ಹಿಂಸೆಯ ವಿರುದ್ಧ ಎತ್ತಿದ ಕೂಗು. ಷಿಕಾಗೊದ ಕಲಾ ಸಂಗ್ರಹಾಲಯದಲ್ಲಿ ಅದರ ಎದುರು ನಿಂತು ಕ್ರೈಸ್ತರು ಆತ್ಮಪರೀಕ್ಷೆ ಮಾಡಿಕೊಳ್ಳಬಹುದು, ಆದರೆ ವಾರವಾರದ ಆರಾಧನೆಗಾಗಿ ಅದನ್ನು ಬರೆದದ್ದಲ್ಲ. ಯೇಸು ಶಿಲುಬೆಯತ್ತ ಸಾಗಿದ ಹದಿನಾಲ್ಕು ಘಟನೆಗಳನ್ನು ಧ್ಯಾನಿಸುವ ‘ಶಿಲುಬೆ ಹಾದಿ’ಯ ಹೆಸರಿನಲ್ಲಿ ಅಮೆರಿಕದ ಚಿತ್ರಕಾರ ಬಾರ್ನೆಟ್ ನ್ಯೂಮನ್ 1958ರಿಂದ 1966ರವರೆಗೆ ಬರೆದ ಹದಿನಾಲ್ಕು ಚಿತ್ರಗಳಲ್ಲಿ ಬರಿಯ ಕ್ಯಾನ್ವಾಸಿನ ಮೇಲೆ ಲಂಬವಾದ ಕಪ್ಪು ಬಿಳಿ ಪಟ್ಟಿಗಳಲ್ಲದೆ ಮತ್ತೇನೂ ಇಲ್ಲ, ಅವು ಹದಿನಾಲ್ಕು ಘಟನೆಗಳನ್ನು ಚಿತ್ರಿಸದೆ ‘ನನ್ನನ್ನೇಕೆ ಕೈಬಿಟ್ಟೆ’ ಎಂಬ ಒಂದೇ ಮೊರೆಯನ್ನು ಹದಿನಾಲ್ಕು ಸಲ ಕೇಳಿಸುತ್ತವೆ. ಒಂದೊಂದು ಸ್ಥಳದಲ್ಲೂ ನಿಂತು ಪ್ರಾರ್ಥನೆ ಹೇಳುತ್ತ ಸಾಗುವ ಸಭೆಗೆ ಅವು ದಾರಿ ತೋರಲಾರವು. ಇದು ಆ ಚಿತ್ರಗಳ ದೋಷವಲ್ಲ.

ಹಾಗಾಗಿ ಮೂರು ಜಾಗಗಳನ್ನು ಬೇರ್ಪಡಿಸಿ ಯೋಚಿಸಿ: ಇಡೀ ಸಭೆ ಒಟ್ಟಾಗಿ ಆರಾಧಿಸುವಾಗ ಕಣ್ಣೆದುರಿಗೆ ಇರುವ ಜಾಗ, ಒಬ್ಬೊಬ್ಬರೇ ಬಂದು ಪ್ರಾರ್ಥಿಸುವ ಪಕ್ಕದ ಗುಡಿ ಅಥವಾ ಮೂಲೆ, ಮತ್ತು ಬೋಧನೆ ಚರ್ಚೆಗಳು ನಡೆಯುವ ಸಭಾಂಗಣ. ಮೊದಲನೆಯದಕ್ಕೆ ಬರುವ ಕೃತಿ ಪೂಜೆಯೊಡನೆ ಪೈಪೋಟಿಗೆ ಇಳಿಯಬಾರದು, ವರ್ಷಗಟ್ಟಲೆ ನೋಡಿದರೂ ಬತ್ತಬಾರದು, ದುಃಖದಲ್ಲಿ ಬಂದವರಿಗೂ ಹಬ್ಬಕ್ಕೆ ಬಂದವರಿಗೂ ಎದುರಾಗಬಲ್ಲಂತಿರಬೇಕು. ಎರಡನೆಯದರಲ್ಲಿ ಹೆಚ್ಚು ತೀವ್ರವಾದ, ಹೆಚ್ಚು ನಿಗೂಢವಾದ ಕೃತಿಗೂ ಎಡೆಯುಂಟು. ಮೂರನೆಯದರಲ್ಲಿ ಕೆಣಕುವ ಕೃತಿಯನ್ನು ಧಾರಾಳವಾಗಿ ಇಡಬಹುದು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನಗಳಿಗೆಂದು ತಾತ್ಕಾಲಿಕವಾಗಿ ಒಂದು ಕೃತಿಯನ್ನು ತರಿಸುವ ಕ್ರಮ ಹಲವು ಚರ್ಚುಗಳಲ್ಲಿದೆ. ಹೊಸ ಕಲೆಗೆ ಇನ್ನೂ ಒಗ್ಗದ ಸಭೆ ಅಲ್ಲಿಂದ ಆರಂಭಿಸುವುದು ಉತ್ತಮ.

ತೀರ್ಪು ಕೊಡುವ ಮೊದಲು ನೋಡುವ ವಿಧಾನ

ಈ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಸಮಿತಿಗಳು ಅವಸರ ಮಾಡುವುದು ಇಲ್ಲಿಯೇ. ಚಿತ್ರ ಅಥವಾ ಅದರ ನಮೂನೆಯ ಎದುರು ಮೊದಲ ಹತ್ತು ನಿಮಿಷ ಯಾರೂ ಮಾತನಾಡಬಾರದು ಎಂದು ಒಪ್ಪಿಕೊಳ್ಳಿ. ಆಮೇಲೆ ಪ್ರತಿಯೊಬ್ಬರೂ ಕಂಡದ್ದನ್ನು ಮಾತ್ರ ಹೇಳಲಿ: ಬಣ್ಣ, ಗೆರೆ, ದೇಹದ ಬಾಗು, ಖಾಲಿ ಬಿಟ್ಟ ಜಾಗ, ವಸ್ತುವಿನ ಒರಟು ಅಥವಾ ನಯ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’, ‘ಇದರ ಅರ್ಥವೇನು’ ಎಂಬ ಮಾತುಗಳನ್ನು ಈ ಹಂತದಲ್ಲಿ ತಡೆಯಬೇಕು. ಮೂರನೆಯದಾಗಿ, ಕೃತಿಗೆ ಸಂಬಂಧಿಸಿದ ವಾಕ್ಯಭಾಗವನ್ನು ಬೈಬಲ್ಲಿನಿಂದ ನಿಧಾನವಾಗಿ, ಗಟ್ಟಿಯಾಗಿ ಓದಿ ಮತ್ತೊಮ್ಮೆ ನೋಡಬೇಕು. ಅಭಿಪ್ರಾಯಕ್ಕೆ ಅವಕಾಶ ಇದಾದ ಮೇಲೆಯೇ, ಸಾಧ್ಯವಾದರೆ ಬೇರೊಂದು ದಿನ.

ವಾಕ್ಯವನ್ನು ಓದಿ ಮತ್ತೆ ನೋಡುವುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಆಲ್ಪ್ಸ್ ಪರ್ವತದ ಅಸಿ ಎಂಬಲ್ಲಿನ ಚರ್ಚಿಗಾಗಿ ಶಿಲ್ಪಿ ಜರ್ಮೇನ್ ರಿಶಿಯೆ ಮಾಡಿದ ಕಂಚಿನ ಶಿಲುಬೆಮೂರ್ತಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ಕ್ರಿಸ್ತರಿಗೆ ಗುರುತಿಸಬಹುದಾದ ಮುಖವಿಲ್ಲ. ದೇಹ ಒಣಗಿದ ಬೇರಿನಂತೆ ತರಿತರಿಯಾಗಿದೆ. ಚಾಚಿದ ತೋಳುಗಳೇ ಶಿಲುಬೆಯ ಅಡ್ಡಮರವಾಗಿವೆ. ಬರಿಗಣ್ಣಿಗೆ ಅದು ಅವಮಾನದಂತೆ ಕಾಣಬಹುದು, ಅನೇಕರಿಗೆ ಹಾಗೆಯೇ ಕಂಡಿತು. ಆದರೆ ಯೆಶಾಯನ ಐವತ್ತಮೂರನೆಯ ಅಧ್ಯಾಯವನ್ನು, ಅಂದರೆ ರೂಪವಾಗಲಿ ಅಂದವಾಗಲಿ ಇಲ್ಲದ, ಜನರು ಮುಖ ತಿರುಗಿಸಿಕೊಳ್ಳುವಂಥ, ಒಣನೆಲದಲ್ಲಿನ ಬೇರಿನಂಥ ಸೇವಕನ ವರ್ಣನೆಯನ್ನು ಓದಿ ಮತ್ತೆ ನೋಡಿದರೆ, ಶಿಲ್ಪಿ ತನ್ನ ಮನಸ್ಸಿಗೆ ತೋಚಿದ್ದನ್ನು ಮಾಡಿಲ್ಲ, ವಾಕ್ಯವನ್ನು ನಮಗಿಂತ ಅಕ್ಷರಶಃ ಓದಿದ್ದಾರೆ ಎಂಬುದು ತಿಳಿಯುತ್ತದೆ. ಪ್ರತಿವರ್ಷ ಶುಭ ಶುಕ್ರವಾರದಂದು ಆ ಅಧ್ಯಾಯವನ್ನು ಕೇಳುತ್ತ, ಗೋಡೆಯ ಮೇಲೆ ಮಾತ್ರ ಗಾಯವೇ ಆಗದಂತಿರುವ ಸುಂದರ ಯುವಕನನ್ನು ನೋಡುವುದಕ್ಕೆ ನಾವು ಒಗ್ಗಿಹೋಗಿದ್ದೇವೆ.

ಆಕೃತಿಯೇ ಇಲ್ಲದ ಕೃತಿಗಳನ್ನು ನೋಡುವಾಗ ಈ ಕ್ರಮವನ್ನು ತುಸು ಬದಲಿಸಬೇಕು. ಅಲ್ಲಿ ‘ಇದು ಯಾರು’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ; ‘ಇದರೆದುರು ಕುಳಿತಾಗ ನನ್ನ ಗಮನ ಎತ್ತ ಹೋಗುತ್ತದೆ’ ಎಂದು ಕೇಳಿಕೊಳ್ಳಬೇಕು. ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ 2007ರಲ್ಲಿ ಜರ್ಮನಿಯ ಕಲೋನ್ ಪ್ರಧಾನಾಲಯಕ್ಕೆ (ಧರ್ಮಾಧ್ಯಕ್ಷರ ಚರ್ಚಿಗೆ) ಮಾಡಿಕೊಟ್ಟ ಕಿಟಕಿಯಲ್ಲಿ 72 ಬಣ್ಣಗಳ 11,263 ಚೌಕಗಳಿವೆ, ಸಂತರ ಆಕೃತಿ ಒಂದೂ ಇಲ್ಲ. ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಮೈಸ್ನರ್ ಅದು ಕ್ರೈಸ್ತ ಪ್ರಧಾನಾಲಯಕ್ಕೆ ಹೊಂದುವುದಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು. ಅವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ದೇವರು ಮನುಷ್ಯರಾದರು ಎಂದು ನಂಬುವ ಧರ್ಮಕ್ಕೆ ಮನುಷ್ಯರ ಮುಖ ಬೇಕೇ ಬೇಕು. ಆದರೂ ಆ ಪ್ರಧಾನಾಲಯದಲ್ಲಿ ಮುಖಗಳಿಗೆ ಕೊರತೆಯಿಲ್ಲ. ಅವುಗಳ ನಡುವೆ ಒಂದು ಕಿಟಕಿ ಬೆಳಕನ್ನು ಮಾತ್ರ ತರುವುದು ಸರಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಹೂಸ್ಟನ್ನಿನಲ್ಲಿ 1971ರಲ್ಲಿ ತೆರೆದ ರಾತ್ಕೊ ಚಾಪೆಲ್ ಬೇರೆಯೇ ಬಗೆಯದು. ಎಂಟು ಮೂಲೆಗಳ ಆ ಕೋಣೆಯಲ್ಲಿ ಮಾರ್ಕ್ ರಾತ್ಕೊ ಅವರ ಹದಿನಾಲ್ಕು ಕಡುಗಪ್ಪು, ಕಡುನೇರಳೆಯ ಚಿತ್ರಗಳಲ್ಲದೆ ಬೇರೇನೂ ಇಲ್ಲ; ಅದು ಯಾವ ಒಂದು ಧರ್ಮಕ್ಕೂ ಸೇರದೆ ಎಲ್ಲರ ಮೌನಕ್ಕೂ ಜಾಗ ಕೊಡುತ್ತದೆ. ಆಕೃತಿರಹಿತ ಕೃತಿಯನ್ನು ಚರ್ಚಿಗೆ ತರುವವರು ಇದರಿಂದ ಒಂದು ನಿಯಮವನ್ನು ಕಲಿಯಬಹುದು: ಅದರ ಹತ್ತಿರ ಶಿಲುಬೆ, ಬಲಿಪೀಠ, ವಾಕ್ಯಪೀಠಗಳಲ್ಲಿ ಒಂದಾದರೂ ಇರಲಿ, ಅವು ಜೊತೆಗಿದ್ದರೆ ಕ್ರೈಸ್ತ ಪ್ರಾರ್ಥನೆಗೆ ಆಧಾರ ಸಿಗುತ್ತದೆ, ಇಲ್ಲದಿದ್ದರೆ ಅದು ಸುಂದರವಾದ ಕೋಣೆಯಷ್ಟೇ ಆಗಿಬಿಡಬಹುದು.

ಮನೆಯಲ್ಲಿ ಒಬ್ಬರೇ ಪ್ರಾರ್ಥಿಸುವವರಿಗೂ ಇದೇ ಕ್ರಮ ಸಾಕು. ಒಂದೇ ಚಿತ್ರವನ್ನು ವಾರವಿಡೀ ಇಟ್ಟುಕೊಳ್ಳಿ, ದಿನವೂ ಬದಲಿಸಬೇಡಿ. ಫ್ರಾನ್ಸಿನ ಚಿತ್ರಕಾರ ಜಾರ್ಜ್ ರುವೊ ಅವರ ‘ಮಿಸೆರೆರೆ’ (‘ಕರುಣಿಸು’, ಐವತ್ತೊಂದನೆಯ ಕೀರ್ತನೆಯ ಲ್ಯಾಟಿನ್ ಮೊದಲ ಪದ) ಮಾಲೆಯ 58 ಮುದ್ರಿತ ಚಿತ್ರಗಳು 1948ರಲ್ಲಿ ಪ್ರಕಟವಾದವು. ಕಪ್ಪು ಬಿಳಿಯಲ್ಲೇ ಇರುವುದರಿಂದ ಪುಸ್ತಕದ ಪುಟದಲ್ಲೂ ಅವು ಹೆಚ್ಚು ಕಳೆದುಕೊಳ್ಳುವುದಿಲ್ಲ. ಯಾತನೆಯ ಕ್ರಿಸ್ತರ ಪಕ್ಕದಲ್ಲೇ ಯುದ್ಧದಲ್ಲಿ ಸತ್ತವರು, ತಾಯಂದಿರು, ಮುಖವಾಡ ಹೊತ್ತ ದೊಡ್ಡಮನುಷ್ಯರು ಅಲ್ಲಿ ಬರುತ್ತಾರೆ. ಆ ಕೀರ್ತನೆಯ ಒಂದೊಂದು ವಚನದೊಡನೆ ಒಂದೊಂದು ಚಿತ್ರವನ್ನು ಇಟ್ಟು ನೋಡಿದರೆ ತಪಸ್ಸುಕಾಲಕ್ಕೆ ಬೇರೆ ಕೈಪಿಡಿಯೇ ಬೇಡ.

ಕಲಾವಿದರನ್ನು ಆರಿಸುವುದು

‘ವಿಶ್ವಾಸಿಯಲ್ಲದವರಿಂದ ಚರ್ಚಿನ ಕೆಲಸ ಮಾಡಿಸಬಹುದೇ?’ ಎಂಬ ಪ್ರಶ್ನೆ ಎಲ್ಲ ಸಮಿತಿಗಳಲ್ಲೂ ಬರುತ್ತದೆ. ಫ್ರಾನ್ಸಿನ ಡೊಮಿನಿಕನ್ ಗುರು ಮಾರಿ-ಅಲೆನ್ ಕುತ್ಯೂರಿಯೆ ಇದಕ್ಕೆ ನೇರವಾದ ಉತ್ತರ ಕೊಟ್ಟಿದ್ದರು: ಪ್ರತಿಭೆಯಿಲ್ಲದ ವಿಶ್ವಾಸಿಗಿಂತ ವಿಶ್ವಾಸವಿಲ್ಲದ ಪ್ರತಿಭಾವಂತನೇ ಮೇಲು. ಅವರ ಪ್ರೇರಣೆಯಿಂದಲೇ 1950ರಲ್ಲಿ ಪ್ರತಿಷ್ಠೆಯಾದ ಅಸಿಯ ಚರ್ಚಿನಲ್ಲಿ ರುವೊ ಅವರಂಥ ಭಕ್ತರ ಜೊತೆಗೆ ಕಮ್ಯುನಿಸ್ಟರಾದ ಲೆಜೆ, ಯೆಹೂದ್ಯರಾದ ಶಗಾಲ್ ಮತ್ತು ಲಿಪ್ಶಿಟ್ಸ್ ಕೂಡ ಕೆಲಸ ಮಾಡಿದರು. ತಾನು ಪೂರ್ವಿಕರ ವಿಶ್ವಾಸಕ್ಕೆ ನಿಷ್ಠನಾದ ಯೆಹೂದ್ಯನೆಂದೂ, ಭೂಮಿಯ ಮೇಲಿನ ಮನುಷ್ಯರು ಒಬ್ಬರನ್ನೊಬ್ಬರು ಅರಿಯಲೆಂದು ಈ ಮರಿಯಮಾತೆಯನ್ನು ಮಾಡಿದೆನೆಂದೂ ಲಿಪ್ಶಿಟ್ಸ್ ತಾವು ಅಲ್ಲಿಗೆ ಮಾಡಿಕೊಟ್ಟ ಮರಿಯಮಾತೆಯ ಮೂರ್ತಿಯ ಮೇಲೆಯೇ ಬರೆಸಿದರು. ಕುತ್ಯೂರಿಯೆ ಅವರ ಮಾತನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲು ಏನೆಂದರೆ, ಕಲಾವಿದರು ವಿಶ್ವಾಸಿಯಾಗಿರದಿದ್ದರೂ ಆರಾಧನೆಯನ್ನು ಗಮನವಿಟ್ಟು ನೋಡಿರಲೇಬೇಕು. ಒಪ್ಪಂದಕ್ಕೆ ಮುಂಚೆ ಅವರು ಕೆಲವು ಭಾನುವಾರ ಬಂದು ಕುಳಿತುಕೊಳ್ಳಲಿ. ಜನ ಎಲ್ಲಿಂದ ಬರುತ್ತಾರೆ, ಪರಮ ಪ್ರಸಾದಕ್ಕೆ ಹೇಗೆ ಸಾಗುತ್ತಾರೆ, ಯಾವ ಹೊತ್ತಿನಲ್ಲಿ ಮೌನವಿರುತ್ತದೆ ಎಂಬುದನ್ನು ಕಾಣಲಿ. ಇದಕ್ಕೆ ಬಿಡುವಿಲ್ಲ ಎನ್ನುವವರಿಗೆ, ಎಷ್ಟೇ ಹೆಸರಿರಲಿ, ಧನ್ಯವಾದ ಹೇಳಿ ಕಳುಹಿಸಿ.

ಕೆಲಸ ಒಪ್ಪಿಸುವವರು ಹೇಗಿರಬೇಕು ಎಂಬುದನ್ನು ಇಂಗ್ಲೆಂಡಿನ ವಾಲ್ಟರ್ ಹಸ್ಸೆ ಅವರಿಂದ ಕಲಿಯಬೇಕು. ನಾರ್ಥಾಂಪ್ಟನ್ನಿನ ಸೇಂಟ್ ಮ್ಯಾಥ್ಯೂ ಚರ್ಚಿನ ಗುರುವಾಗಿದ್ದ ಅವರು ಎರಡನೆಯ ಮಹಾಯುದ್ಧದ ನಡುವೆ ಶಿಲ್ಪಿ ಹೆನ್ರಿ ಮೂರ್ ಅವರನ್ನು ಕೇಳಿಕೊಂಡು ತಾಯಿ-ಮಗುವಿನ ಶಿಲ್ಪವನ್ನು ಮಾಡಿಸಿದರು, 1944ರಲ್ಲಿ ಅದು ಪ್ರತಿಷ್ಠೆಯಾಯಿತು. ಮೂರ್ ತಕ್ಷಣ ಒಪ್ಪಲಿಲ್ಲ. ರೇಖಾಚಿತ್ರಗಳನ್ನೂ ಚಿಕ್ಕ ಮಣ್ಣಿನ ನಮೂನೆಗಳನ್ನೂ ಮಾಡಿ, ಸಾಮಾನ್ಯ ತಾಯಿ-ಮಗುವಿಗೂ ಮರಿಯ-ಯೇಸುವಿಗೂ ಇರಬೇಕಾದ ಅಂತರವನ್ನು ತಾವೇ ಪರೀಕ್ಷಿಸಿಕೊಂಡ ಮೇಲೆ ಒಪ್ಪಿದರು. ಹಸ್ಸೆ ವಿಷಯವನ್ನು ಕೊಟ್ಟರು, ಸ್ಥಳವನ್ನು ತೋರಿಸಿದರು, ನಮೂನೆಗಳನ್ನು ಒಟ್ಟಿಗೆ ನೋಡಿದರು. ಉಳಿಯನ್ನು ಹಿಡಿಯುವ ಕೈಯನ್ನು ಹಿಡಿಯಲು ಹೋಗಲಿಲ್ಲ. ನಿಮ್ಮ ಲಿಖಿತ ಕೋರಿಕೆಯೂ ಅಷ್ಟೇ ಇರಲಿ: ವಿಷಯ ಮತ್ತು ಬೈಬಲ್ ವಾಕ್ಯ, ಕೃತಿ ನಿಲ್ಲುವ ಸ್ಥಳ, ಅದರ ಮುಂದೆ ನಡೆಯುವ ವಿಧಿಗಳು, ಹಣ, ಗಡುವು. ‘ಮುಖ ಶಾಂತವಾಗಿರಲಿ, ಹಿನ್ನೆಲೆ ನೀಲಿಯಾಗಿರಲಿ’ ಎಂಬ ಸೂಚನೆಗಳು ಕೋರಿಕೆಯಲ್ಲಿ ಬಂದರೆ ನಿಮಗೆ ಬೇಕಾಗಿರುವುದು ಹಳೆಯ ಚಿತ್ರದ ಪ್ರತಿ ಎಂದು ತಿಳಿಯಬೇಕು.

ಯೇಸುವಿನ ಮೈಬಣ್ಣ, ಉಡುಪುಗಳ ಪ್ರಶ್ನೆಯೂ ಇಲ್ಲೇ ಬರುತ್ತದೆ. ಗೋವೆಯಲ್ಲಿ ಹುಟ್ಟಿ ಶಾಂತಿನಿಕೇತನದಲ್ಲಿ ಕಲಿತ ಆಂಜೆಲೊ ದ ಫೊನ್ಸೆಕ ಮರಿಯಮಾತೆಗೆ ಸೀರೆ ಉಡಿಸಿ ಬರೆದಾಗ ಸ್ವಧರ್ಮೀಯರಿಂದಲೇ ವಿರೋಧ ಎದುರಿಸಿದರು. ಜಪಾನಿನ ಸಾದಾವೊ ವತನಾಬೆ ಕತ್ತರಿಸಿದ ಅಚ್ಚಿನ ಮೂಲಕ ಬಟ್ಟೆಗೆ ಬಣ್ಣ ಹಾಕುವ ತಮ್ಮ ನಾಡಿನ ಹಳೆಯ ವಿಧಾನವನ್ನು ಕಾಗದಕ್ಕೆ ತಂದು ಕಡೆಯ ಭೋಜನದಂಥ ಬೈಬಲ್ ಪ್ರಸಂಗಗಳನ್ನು ಜಪಾನಿ ಉಡುಪಿನಲ್ಲಿ ಮೂಡಿಸಿದರು. ಯುರೋಪಿನ ಚಿತ್ರಕಾರರು ಶತಮಾನಗಳ ಕಾಲ ತಮ್ಮ ಊರಿನ ಬಟ್ಟೆಯನ್ನೇ ಪ್ರೇಷಿತರಿಗೆ ತೊಡಿಸಿದ್ದನ್ನು ಆಕ್ಷೇಪಿಸದವರು ಇದನ್ನು ಆಕ್ಷೇಪಿಸಲು ಕಾರಣ ಕಾಣದು. ಆದರೆ ಉಡುಪು ಬದಲಾದ ಮಾತ್ರಕ್ಕೆ ಚಿತ್ರ ಜೀವಂತವಾಗುವುದಿಲ್ಲ. ವತನಾಬೆ ಅವರಲ್ಲಿ ಗೆರೆಯೂ ಅವರ ನಾಡಿನದೇ ಆಗಿದೆ.

ಜಾಗ, ಅಳತೆ, ಬೆಳಕು

ನಮೂನೆಯನ್ನು ಮೇಜಿನ ಮೇಲಿಟ್ಟು ಒಪ್ಪಿಗೆ ಕೊಡಬೇಡಿ. ಕೃತಿಯ ನಿಜವಾದ ಅಳತೆಯಲ್ಲಿ ಕಾಗದ ಅಥವಾ ಬಟ್ಟೆಯ ಮೇಲೆ ಅದರ ರೂಪರೇಖೆಯನ್ನು ಬರೆದು, ಅದು ಬರಬೇಕಾದ ಜಾಗದಲ್ಲೇ ಕೆಲವು ವಾರ ತೂಗುಹಾಕಿ. ಕೊನೆಯ ಬೆಂಚಿನಿಂದ, ಪಕ್ಕದ ಸಾಲಿನಿಂದ, ಮೊಣಕಾಲೂರಿದ ಎತ್ತರದಿಂದ, ಗಾಲಿಕುರ್ಚಿಯ ಎತ್ತರದಿಂದ ನೋಡಿ. ಬೆಳಗಿನ ಪೂಜೆಯಲ್ಲೂ ಸಂಜೆಯ ಪ್ರಾರ್ಥನೆಯಲ್ಲೂ ನೋಡಿ.

ಚಿತ್ರಕಾರ ಆನ್ರಿ ಮಾತೀಸ್ 1948ರಿಂದ 1951ರವರೆಗೆ ಫ್ರಾನ್ಸಿನ ವಾನ್ಸ್‌ನಲ್ಲಿ ಡೊಮಿನಿಕನ್ ಕನ್ಯಾಸ್ತ್ರೀಯರಿಗಾಗಿ ಮಾಡಿದ ಜಪಮಾಲೆಯ ಚಾಪೆಲ್ ಈ ವಿಷಯದಲ್ಲಿ ಪಾಠಶಾಲೆಯೇ ಸರಿ. ಒಂದು ಬದಿಯಲ್ಲಿ ಹಳದಿ, ಹಸಿರು, ನೀಲಿ ಗಾಜಿನ ಕಿಟಕಿಗಳು. ಎದುರಿನ ಬಿಳಿಯ ಹೆಂಚುಗಳ ಮೇಲೆ ಕಪ್ಪು ಗೆರೆಗಳ ಚಿತ್ರಗಳು. ಬಣ್ಣವನ್ನು ಗೋಡೆಗೆ ಹಚ್ಚಿಲ್ಲ, ಸೂರ್ಯ ಸರಿದಂತೆ ಅದು ಗಾಜಿನಿಂದ ಇಳಿದು ನೆಲದ ಮೇಲೂ ಹೆಂಚಿನ ಮೇಲೂ ಹರಿಯುತ್ತದೆ. ಬಲಿಪೀಠವನ್ನು ಓರೆಯಾಗಿ ಇರಿಸಿರುವುದರಿಂದ ಕನ್ಯಾಸ್ತ್ರೀಯರೂ ಉಳಿದ ಭಕ್ತರೂ ಅದನ್ನು ಕಾಣಬಲ್ಲರು. ಗುರುಗಳು ತೊಡುವ ಪೂಜಾವಸ್ತ್ರಗಳನ್ನೂ ಮಾತೀಸ್ ಅವರೇ ರೂಪಿಸಿದರು. ಸಂತ ಡೊಮಿನಿಕರ ಮುಖದಲ್ಲಿ ಕಣ್ಣು ಮೂಗುಗಳಿಲ್ಲ, ಆದರೂ ಅದು ಅಲ್ಲಿ ಕೊರತೆಯೆನಿಸುವುದಿಲ್ಲ. ಬಣ್ಣ, ಬಟ್ಟೆ, ಪೀಠ, ಗೋಡೆ ಎಲ್ಲವೂ ಒಂದೇ ಪೂಜೆಗಾಗಿ ಒಟ್ಟಿಗೆ ಯೋಚಿಸಿದವು. ಬೇರೆ ಬೇರೆ ದಾನಿಗಳು ಕೊಟ್ಟ ಬೇರೆ ಬೇರೆ ಶೈಲಿಯ ಕೃತಿಗಳು ಒಂದೇ ಕೋಣೆಯಲ್ಲಿ ತುಂಬಿದರೆ ಆಗುವುದು ಇದಕ್ಕೆ ತದ್ವಿರುದ್ಧ. ದಾನಿಗಳಿಗೆ ‘ಬೇಡ’ ಎನ್ನುವ ಅಧಿಕಾರವನ್ನು ಸಮಿತಿಯ ನಿಯಮದಲ್ಲೇ ಬರೆದಿಡುವುದು ಮೇಲು.

ದೊಡ್ಡ ಕೃತಿ ಯಾವಾಗ ಸಲ್ಲುತ್ತದೆ ಎಂಬುದಕ್ಕೆ, ಬಾಂಬು ದಾಳಿಯಲ್ಲಿ ಹಾಳಾದ ಹಳೆಯ ಪ್ರಧಾನಾಲಯದ ಪಕ್ಕದಲ್ಲೇ ಕಟ್ಟಿ 1962ರಲ್ಲಿ ಪ್ರತಿಷ್ಠಿಸಿದ ಇಂಗ್ಲೆಂಡಿನ ಕೊವೆಂಟ್ರಿ ಪ್ರಧಾನಾಲಯವನ್ನು ನೋಡಬಹುದು. ಬಲಿಪೀಠದ ಹಿಂದಿನ ಗೋಡೆಯನ್ನೆಲ್ಲ ಆವರಿಸುವ ಗ್ರಹಾಂ ಸದರ್ಲೆಂಡ್ ಅವರ ನೇಯ್ದ ಚಿತ್ರದ ಎತ್ತರ ಸುಮಾರು 23 ಮೀಟರ್. ಮಹಿಮೆಯ ಕ್ರಿಸ್ತರ ಎರಡು ಪಾದಗಳ ನಡುವೆ ಚಿಕ್ಕದೊಂದು ಮನುಷ್ಯಾಕೃತಿ ನಿಂತಿದೆ. ಆ ಪುಟ್ಟ ಆಕೃತಿ ಇಲ್ಲದಿದ್ದರೆ ಅಷ್ಟು ದೊಡ್ಡ ಕ್ರಿಸ್ತರು ಬರಿಯ ಭವ್ಯತೆಯಾಗಿ ಉಳಿಯುತ್ತಿದ್ದರು.

ಚಲಿಸುವ ಚಿತ್ರದ ಪರದೆಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಲಂಡನ್ನಿನ ಸೇಂಟ್ ಪಾಲ್ ಪ್ರಧಾನಾಲಯದಲ್ಲಿ 2014ರಿಂದ ಇರುವ ಬಿಲ್ ವಯೋಲ ಅವರ ‘ಹುತಾತ್ಮರು’ ಕೃತಿಯಲ್ಲಿ ನಾಲ್ಕು ಲಂಬ ಪರದೆಗಳ ಮೇಲೆ ಮಣ್ಣು, ಗಾಳಿ, ಬೆಂಕಿ, ನೀರಿನ ಯಾತನೆಯನ್ನು ನಾಲ್ವರು ಸಹಿಸುತ್ತಾರೆ. ಧ್ವನಿಯಿಲ್ಲ, ಚಲನೆ ಬಹಳ ನಿಧಾನ, ಜೊತೆಗೆ ಅದನ್ನು ಇರಿಸಿರುವುದು ಮುಖ್ಯ ಬಲಿಪೀಠದ ಎದುರಿನಲ್ಲಲ್ಲ, ಪಕ್ಕದ ಅಂಕಣದಲ್ಲಿ. ಪರದೆಯನ್ನು ಬಳಸುವ ಸಭೆಗಳು ಈ ಮೂರು ಗುಣಗಳನ್ನೂ ಅನುಸರಿಸುವುದು ಒಳ್ಳೆಯದು. ಹಾಡಿನ ಸಾಲುಗಳ ಹಿಂದೆ ಕ್ಷಣಕ್ಷಣಕ್ಕೂ ಬದಲಾಗುವ ಚಿತ್ರಗಳನ್ನು ಯಾರೂ ನಿಜವಾಗಿ ನೋಡುವುದಿಲ್ಲ. ಒಂದು ಆರಾಧನೆಗೆ ಒಂದೇ ಚಿತ್ರ ಸಾಕು, ಅದಕ್ಕೆ ಹಕ್ಕುದಾರರ ಅನುಮತಿಯೂ ಬೇಕು.

ಸಂರಕ್ಷಣೆಯ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಕಾಗದ ಮತ್ತು ಬಟ್ಟೆಯ ಕೃತಿಗಳಿಗೆ ಸಂಗ್ರಹಾಲಯಗಳು ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆಯ ಮಾನ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ, ತೈಲಚಿತ್ರಗಳಿಗೆ ಸುಮಾರು 200 ಲಕ್ಸ್. ನೇರ ಬಿಸಿಲು ಯಾವುದಕ್ಕೂ ಸಲ್ಲದು. ಮೇಣದ ಬತ್ತಿಯ ಮಸಿ ಮತ್ತು ಧೂಪದ ಹೊಗೆ ತಾಗದಷ್ಟು ದೂರವಿರಲಿ.

ವಿರೋಧ ಬಂದಾಗ

ವಿರೋಧ ಬಂದೇ ಬರುತ್ತದೆ ಎಂದು ಮೊದಲೇ ಎಣಿಸಿ ಸಿದ್ಧತೆ ಮಾಡಿಕೊಳ್ಳಿ. ಕೃತಿ ಬರುವ ಮುನ್ನ ಒಂದೆರಡು ಭಾನುವಾರ ಅದರ ವಾಕ್ಯಭಾಗದ ಮೇಲೆಯೇ ಪ್ರಬೋಧನೆ ಇರಲಿ. ಕಲಾವಿದರು ಬಂದು ಮಾತನಾಡಲಿ, ಆದರೆ ಸಮರ್ಥಿಸಿಕೊಳ್ಳುವ ಭಾರವನ್ನು ಅವರ ಮೇಲೆ ಹೊರಿಸಬೇಡಿ. ಕಥೋಲಿಕ ಸಭೆಯಾದರೆ ಧರ್ಮಪ್ರಾಂತ್ಯದ ಪವಿತ್ರ ಕಲಾ ಆಯೋಗದ ಅಭಿಪ್ರಾಯವನ್ನು ಕೆಲಸ ಆರಂಭವಾಗುವ ಮೊದಲೇ ಪಡೆಯಿರಿ. ಆಕ್ಷೇಪಗಳನ್ನು ಬರಹದಲ್ಲಿ ಸ್ವೀಕರಿಸಿ, ಎರಡು ಬಗೆಯಾಗಿ ವಿಂಗಡಿಸಿ: ‘ನನಗೆ ಹಿಡಿಸಲಿಲ್ಲ’ ಎಂಬುದು ಒಂದು, ‘ಇದರೆದುರು ನನಗೆ ಪ್ರಾರ್ಥಿಸಲಾಗುತ್ತಿಲ್ಲ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾಲಾವಕಾಶವೇ ಮದ್ದು. ಎರಡನೆಯದನ್ನು ಹೇಳಿದವರ ಜೊತೆ ಧರ್ಮಗುರುಗಳು ಕುಳಿತು ಮಾತನಾಡಲೇಬೇಕು. ಅಂಥವರು ಹಲವರಿದ್ದು, ಪೂರ್ತಿ ಆರಾಧನಾ ವರ್ಷವೊಂದು ಕಳೆದರೂ ಅವರ ಮಾತು ಬದಲಾಗದಿದ್ದರೆ ಕೃತಿಯ ಜಾಗ ಬದಲಾಗಬೇಕು.

ಆದರೆ ತೆಗೆಯುವ ತೀರ್ಮಾನವನ್ನು ಹೊರಗಿನವರ ಗದ್ದಲಕ್ಕೆ ಬಿಟ್ಟುಕೊಡಬಾರದು. ರಿಶಿಯೆ ಅವರ ಶಿಲುಬೆಮೂರ್ತಿಯನ್ನು 1951ರಲ್ಲಿ ಧರ್ಮಾಧ್ಯಕ್ಷರ ಆದೇಶದಂತೆ ಬಲಿಪೀಠದಿಂದ ತೆಗೆಯಲಾಯಿತು. ಅಸಿ ಕ್ಷಯರೋಗಿಗಳ ಆಸ್ಪತ್ರೆಗಳಿದ್ದ ಊರು; ದಿನವೂ ಆ ಮೂರ್ತಿಯ ಎದುರು ಪ್ರಾರ್ಥಿಸುತ್ತಿದ್ದ ರೋಗಿಗಳಲ್ಲಿ ಹಲವರು ಅದರಲ್ಲಿ ತಮ್ಮದೇ ಯಾತನೆಯನ್ನು ಕಂಡಿದ್ದರು, ಕೂಗೆದ್ದದ್ದು ಹೆಚ್ಚಾಗಿ ಬೇರೆ ಕಡೆಯಿಂದ. ಮೂರ್ತಿಯನ್ನು ಒಡೆಯಲಿಲ್ಲ, ಮಾರಲಿಲ್ಲ. ಹಾಗಾಗಿ ವರ್ಷಗಳ ನಂತರ ಅದು ಬಲಿಪೀಠಕ್ಕೆ ಮರಳಲು ಸಾಧ್ಯವಾಯಿತು. ಆದ್ದರಿಂದ ಕಲಾವಿದರೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಹಣ ಮತ್ತು ಗಡುವಿನ ಜೊತೆಗೆ ಈ ಮಾತುಗಳೂ ಇರಲಿ: ಕೃತಿಯ ಒಡೆತನ ಯಾರದು, ಅದರ ಚಿತ್ರವನ್ನು ಮುದ್ರಿಸುವ ಹಕ್ಕು ಯಾರದು, ದುರಸ್ತಿ ಮತ್ತು ವಿಮೆಯ ಖರ್ಚು ಯಾರು ಹೊರಬೇಕು, ಸ್ಥಳ ಬದಲಿಸಬೇಕಾದರೆ ಎಷ್ಟು ದಿನ ಮುಂಚೆ ಕಲಾವಿದರಿಗೆ ತಿಳಿಸಬೇಕು, ತೆಗೆದ ಮೇಲೆ ಕೃತಿಯನ್ನು ಎಲ್ಲಿ ಇಡಬೇಕು.